ಒಂದು ವರ್ಷ ಹಿಂದಿಟ್ಟರೆ ಮಗು ಮುಂದಾಗುವುದೇ?

ಆಟೋಟಗಳಲ್ಲಿ ಆಸಕ್ತಿಯುಳ್ಳ ಮಕ್ಕಳ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಆಗಾಗ ಸುಳಿಯುವುದುಂಟು. ಮಗ ಓಟದಲ್ಲಿ ಚುರುಕು. ಆದರೆ ಓರಗೆಯವರಿಗಿಂತ ಮೈಯಲ್ಲಿ ಸಣ್ಣವನು. ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂಡ್ರಿಸಿದರೆ ಮೈ ಗಟ್ಟಿಯಾಗಿ, ಬರುವ ವರ್ಷದ ಕ್ರೀಡಾಕೂಟದಲ್ಲಿ ಗೆಲ್ಲಬಹುದಲ್ಲವೇ? ಇದರ ಬೆನ್ನಿಗೇ ಇನ್ನೊಂದು ಆಲೋಚನೆಯೂ ಬರುತ್ತದೆ: ದಾಖಲೆಯಲ್ಲಿಯೇ ವಯಸ್ಸನ್ನು ಒಂದೆರಡು ವರ್ಷ ಕಡಿಮೆ ಬರೆಯಿಸಿದರೆ ಏನಾದೀತು?

ಈ ಆಸೆಯನ್ನು ಲಘುವಾಗಿ ಕಾಣಲಾಗದು. ವಿಜಯಪುರ ಜಿಲ್ಲೆಯು ಸೈಕ್ಲಿಂಗ್ ಕ್ರೀಡೆಯಲ್ಲಿ ಹೆಸರು ಗಳಿಸಿದ ನೆಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗದ ಹಳ್ಳಿಗಳಲ್ಲಿ ಕುಸ್ತಿ, ಕಬಡ್ಡಿ, ಖೋ-ಖೋ ಆಟಗಳ ಮೇಲಿನ ಪ್ರೀತಿ ಹಿರಿಯರಿಂದ ಬಂದುದು. ಕ್ರೀಡಾ ವಸತಿ ನಿಲಯದಲ್ಲಿ ಒಂದು ಸ್ಥಾನ ದೊರೆತರೆ ಊಟ, ವಸತಿ, ತರಬೇತಿಗಳ ಚಿಂತೆ ನೀಗುತ್ತದೆ. ಮುಂದೆ ರೈಲ್ವೆಯಂತಹ ಇಲಾಖೆಗಳಲ್ಲಿ ಕ್ರೀಡಾ ಕೋಟಾದ ನೌಕರಿಯ ಭರವಸೆಯೂ ಇರುತ್ತದೆ. ಮಳೆಯನ್ನೇ ನಂಬಿ ಒಕ್ಕಲುತನ ಮಾಡುವ ಮನೆಗೆ ಇದು ಬದುಕಿನ ಪ್ರಶ್ನೆ. ಆದುದರಿಂದಲೇ ದೇಹದ ಬೆಳವಣಿಗೆ ಏನು ಹೇಳುತ್ತದೆ, ನಿಯಮ ಏನು ಹೇಳುತ್ತದೆ ಎಂಬುದನ್ನು ಪಾಲಕರು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯ.

ಎಣಿಕೆಗೆ ಬರುವುದು ತರಗತಿಯಲ್ಲ, ಜನ್ಮದಿನ

ಅಮೆರಿಕದಲ್ಲಿ ಶಾಲಾ ಕ್ರೀಡೆಗಳು ಬಹುಮಟ್ಟಿಗೆ ತರಗತಿಯನ್ನು ಅನುಸರಿಸುತ್ತವೆ. ಆದುದರಿಂದ ಅಲ್ಲಿಯ ಕೆಲವು ಪಾಲಕರು ಚೆನ್ನಾಗಿ ಓದುತ್ತಿರುವ ಮಗುವನ್ನೂ ಬೇಕೆಂದೇ ಒಂದು ವರ್ಷ ಹಿಂದಿಡುತ್ತಾರೆ. ಆ ಮಗು ತನಗಿಂತ ಕಿರಿಯರೊಡನೆ ಆಡಿ ಮೇಲುಗೈ ಪಡೆಯಲಿ ಎಂಬುದು ಅವರ ಲೆಕ್ಕಾಚಾರ.

ನಮ್ಮ ದೇಶದ ವ್ಯವಸ್ಥೆ ಬೇರೆ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಸ್ಪರ್ಧೆಗಳು 14, 17 ಮತ್ತು 19 ವರ್ಷದೊಳಗಿನವರು ಎಂಬ ವಿಭಾಗಗಳಲ್ಲಿ ನಡೆಯುತ್ತವೆ. ಇಲ್ಲಿ ಅರ್ಹತೆಯನ್ನು ನಿರ್ಧರಿಸುವುದು ಜನ್ಮದಿನಾಂಕ. 12 ವರ್ಷದ ಬಾಲಕನು ಏಳನೆಯ ತರಗತಿಯಲ್ಲಿ ಇದ್ದಾನೆಂದು ಭಾವಿಸೋಣ. ಅವನನ್ನು ಅದೇ ತರಗತಿಯಲ್ಲಿ ಉಳಿಸಿದರೂ ಮುಂದಿನ ವರ್ಷ ಅವನಿಗೆ 13 ತುಂಬಿಯೇ ತುಂಬುತ್ತದೆ. 14ರ ಮಿತಿ ದಾಟಿದ ಮೇಲೆ ಅವನು ಏಳರಲ್ಲಿದ್ದರೂ ಒಂಬತ್ತರಲ್ಲಿದ್ದರೂ ಆ ವಿಭಾಗದ ಬಾಗಿಲು ಮುಚ್ಚುತ್ತದೆ. ಶಾಲೆಯೊಳಗಿನ ಪಂದ್ಯಗಳಲ್ಲಿ ಅವನು ಚಿಕ್ಕವರ ನಡುವೆ ದೊಡ್ಡವನಾಗಿ ಕಾಣಬಹುದು. ಆದರೆ ಮೇಲಿನ ಹಂತಕ್ಕೆ ಹೋದಂತೆ ಎದುರಾಗುವವರು ಅವನ ವಯಸ್ಸಿನವರೇ. ಕ್ರೀಡೆಯಲ್ಲಿ ಗಳಿಕೆಯಿಲ್ಲ, ಓದಿನಲ್ಲಿ ಮಾತ್ರ ಒಂದು ವರ್ಷ ಕಳೆದುಹೋಗುತ್ತದೆ.

ಕಾನೂನಿನ ಆಶಯವೂ ಇದಕ್ಕೆ ವಿರುದ್ಧವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯನ್ನು ಕೊಡಬೇಕೆಂದು ಹೇಳುತ್ತದೆ. 2019ರಲ್ಲಿ ಬಂದ ತಿದ್ದುಪಡಿಯು 5 ಮತ್ತು 8ನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಿ, ಮರುಪರೀಕ್ಷೆಯಲ್ಲಿಯೂ ತೇರ್ಗಡೆಯಾಗದವರನ್ನು ಉಳಿಸಿಕೊಳ್ಳುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿತು. ಅದು ಕಲಿಕೆಗೆ ಸಂಬಂಧಿಸಿದ ಮಾತು. ಕ್ರೀಡೆಯ ಲಾಭಕ್ಕಾಗಿ ಅಲ್ಲ.

ಜೂನ್ ಒಂದರಂದು ಹುಟ್ಟಿದವರು

ತರಗತಿಯಿಂದ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಕೆಲವರ ಕಣ್ಣು ಜನ್ಮದಿನಾಂಕದ ಮೇಲೆ ಬೀಳುತ್ತದೆ. ಈ ವಿಷಯದಲ್ಲಿ ನಮ್ಮ ಭಾಗದ ಹಳೆಯ ರೂಢಿಯೊಂದನ್ನು ನೆನೆಯಬೇಕು. ಹಿಂದಿನ ತಲೆಮಾರಿನಲ್ಲಿ ಹೆರಿಗೆ ಮನೆಯಲ್ಲಿಯೇ ಆಗುತ್ತಿತ್ತು. ಹುಟ್ಟಿದ ದಿನವನ್ನು ಬರೆದಿಡುವವರು ಕಡಿಮೆ. ಮಗುವನ್ನು ಶಾಲೆಗೆ ಕರೆತಂದಾಗ ಗುರುಗಳು ಪ್ರವೇಶದ ವಯಸ್ಸಿಗೆ ಹೊಂದುವಂತೆ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಇಂದಿಗೂ ಅನೇಕ ಹಿರಿಯರ ದಾಖಲೆಗಳಲ್ಲಿ ಅದೇ ದಿನಾಂಕವಿರುವುದು ಇದೇ ಕಾರಣದಿಂದ. ಅದರಲ್ಲಿ ಮೋಸದ ಉದ್ದೇಶವಿರಲಿಲ್ಲ. ಹಾಗೆಯೇ ದುಡಿಮೆಗಾಗಿ ಗೋವೆ, ಮಹಾರಾಷ್ಟ್ರಗಳಿಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ತಪ್ಪಿಸಿಕೊಂಡು, ತರಗತಿಗಿಂತ ದೊಡ್ಡ ವಯಸ್ಸಿನವರಾಗಿ ಮರಳುವುದುಂಟು. ಅದು ಪರಿಸ್ಥಿತಿಯ ಫಲವೇ ಹೊರತು ಮಗುವಿನ ತಪ್ಪಲ್ಲ.

ತಿಳಿದೂ ತಿಳಿದು ವಯಸ್ಸನ್ನು ಇಳಿಸುವುದು ಮಾತ್ರ ಬೇರೆಯೇ ಸಂಗತಿ. ಸುಳ್ಳು ದಾಖಲೆಯನ್ನು ಸೃಷ್ಟಿಸುವುದು ಶಿಕ್ಷಾರ್ಹ ಅಪರಾಧ. ಮೇಲಾಗಿ ಇನ್ನು ಮುಂದೆ ಅದು ಸುಲಭವೂ ಅಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1 ಮತ್ತು ಅನಂತರ ಜನಿಸಿದವರಿಗೆ ಶಾಲಾ ಪ್ರವೇಶ ಮೊದಲಾದ ಕಾರ್ಯಗಳಲ್ಲಿ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಕ್ಕೆ ಆಧಾರ.

ಎಲುಬು ನುಡಿಯುವ ಸಾಕ್ಷಿ

ದಾಖಲೆಯಲ್ಲಿ ಅಂಕಿಯನ್ನು ಬದಲಿಸಬಹುದು; ಎಲುಬಿನ ಬೆಳವಣಿಗೆಯನ್ನು ಬದಲಿಸಲಾಗದು. ಮಕ್ಕಳ ಉದ್ದನೆಯ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪಟ್ಟಿಯಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಹರೆಯ ಮುಗಿಯುವ ಹೊತ್ತಿಗೆ ಈ ಬೆಳವಣಿಗೆ ಪಟ್ಟಿಯು ಗಟ್ಟಿಯಾಗಿ ಎಲುಬಿನೊಡನೆ ಬೆರೆತುಹೋಗುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಈ ಬದಲಾವಣೆ ಹಂತಹಂತವಾಗಿ ಕಾಣುತ್ತದೆ.

ಟ್ಯಾನರ್-ವೈಟ್‌ಹೌಸ್ ಎಂಬ ವಿಧಾನದ ಮೂರನೆಯ ಪರಿಷ್ಕರಣದಲ್ಲಿ ಎಡಗೈಯ ಚಿತ್ರ ತೆಗೆದು 13 ಎಲುಬುಗಳನ್ನು ಪರಿಶೀಲಿಸುತ್ತಾರೆ: ಮುಂಗೈಯ ಎರಡು, ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ಸಾಲಿನ ಹನ್ನೊಂದು. ಪ್ರತಿಯೊಂದಕ್ಕೂ ಅಂಕವಿದ್ದು, ಬೆಳವಣಿಗೆ ಪೂರ್ಣಗೊಂಡಾಗ ಮೊತ್ತ 1000 ಆಗುತ್ತದೆ. ಭಾರತೀಯ ಕ್ರಿಕೆಟ್ ಮಂಡಳಿಯು 2012ರಿಂದ ಕಿರಿಯರ ಕ್ರಿಕೆಟ್‌ನಲ್ಲಿ ಈ ವಿಧಾನವನ್ನು ಬಳಸುತ್ತ ಬಂದಿದೆ. 2020ರಲ್ಲಿ ಅದೇ ಮಂಡಳಿಯು ತಪ್ಪು ಜನ್ಮದಿನಾಂಕ ಕೊಟ್ಟವರು ತಾವಾಗಿಯೇ ಒಪ್ಪಿಕೊಂಡರೆ ಕ್ಷಮೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ಎರಡು ವರ್ಷ ನಿಷೇಧ ಎಂದು ಪ್ರಕಟಿಸಿತು. ಕೇಂದ್ರ ಕ್ರೀಡಾ ಸಚಿವಾಲಯವು 2010ರಲ್ಲಿಯೇ ವಯಸ್ಸಿನ ವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆಯನ್ನು ರೂಪಿಸಿದೆ.

ಆದರೆ ಈ ಪರೀಕ್ಷೆಗೂ ಮಿತಿಯಿದೆ. ಅದು ಎಲುಬು ಎಷ್ಟು ಪಕ್ವವಾಗಿದೆ ಎಂಬುದನ್ನು ಹೇಳುತ್ತದೆಯೇ ವಿನಾ ಹುಟ್ಟಿದ ದಿನವನ್ನು ಹೇಳುವುದಿಲ್ಲ. ಆರೋಗ್ಯವಂತ ಮಗುವಿನ ಎಲುಬಿನ ವಯಸ್ಸು ನಿಜವಾದ ವಯಸ್ಸಿಗಿಂತ ಒಂದು ವರ್ಷ ಹಿಂದೆ ಅಥವಾ ಮುಂದೆ ಇರುವುದು ಸಾಮಾನ್ಯ. ದೀರ್ಘಕಾಲದ ಅಪೌಷ್ಟಿಕತೆ, ಥೈರಾಯ್ಡ್ ಕೊರತೆಗಳು ಎಲುಬಿನ ಪಕ್ವತೆಯನ್ನು ತಡಮಾಡುತ್ತವೆ. ಅತಿಯಾದ ಬೊಜ್ಜು ಅದನ್ನು ಬೇಗನೆ ತರಬಹುದು. ಹೀಗಾಗಿ ಬೇಗ ಬೆಳೆದ ಪ್ರಾಮಾಣಿಕ ಮಗುವಿನ ಮೇಲೂ ಸಂಶಯ ಬರಬಹುದು. ಅಂತಹ ಸಮಯದಲ್ಲಿ ಆಧಾರವಾಗುವುದು ಹುಟ್ಟಿದ ಕೂಡಲೇ ಮಾಡಿಸಿದ ನೋಂದಣಿಯೊಂದೇ. ಜನನವನ್ನು 21 ದಿನಗಳೊಳಗೆ ನೋಂದಾಯಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಅಲೆದಾಟ ಹೆಚ್ಚು.

ಒಂದೇ ವಯಸ್ಸು, ಬೇರೆ ಬೇರೆ ಮೈ

ಮಗು ಹಿಂದೆ ಬಿದ್ದಿದೆ ಎಂಬ ಪಾಲಕರ ಆತಂಕಕ್ಕೆ ನಿಜವಾದ ಕಾರಣ ಇಲ್ಲಿದೆ. ಬಾಲ್ಯದಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರವಾಗುತ್ತಾರೆ. ಹರೆಯದಲ್ಲಿ ಈ ವೇಗ ಒಮ್ಮೆಗೇ ಏರುತ್ತದೆ. ಹುಡುಗಿಯರಲ್ಲಿ ಸರಾಸರಿ 12ರ ಸುಮಾರಿಗೆ, ಹುಡುಗರಲ್ಲಿ 14ರ ಸುಮಾರಿಗೆ. ಆದರೆ ಇದು ಸರಾಸರಿ ಮಾತ್ರ. ಒಬ್ಬ ಬಾಲಕನಿಗೆ 12ರಲ್ಲಿಯೇ ಮೀಸೆ ಚಿಗುರಿದರೆ ಇನ್ನೊಬ್ಬನಿಗೆ 15 ಆದರೂ ಧ್ವನಿ ಒಡೆದಿರುವುದಿಲ್ಲ. ಇಬ್ಬರೂ ಆರೋಗ್ಯವಂತರೇ. ಇವರಿಬ್ಬರನ್ನು 14ರ ಕುಸ್ತಿಯ ಕಣದಲ್ಲಿ ಎದುರುಬದುರು ನಿಲ್ಲಿಸಿದರೆ ಗೆಲ್ಲುವುದು ಬಹುಪಾಲು ಪಟ್ಟಲ್ಲ, ಮೈಬಲ.

ಹುಟ್ಟಿದ ತಿಂಗಳೂ ಇಲ್ಲಿ ಪ್ರಭಾವ ಬೀರುತ್ತದೆ. ವಯೋಮಿತಿಯನ್ನು ಜನವರಿ 1ರಿಂದ ಎಣಿಸುವಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿ 1985ರಲ್ಲಿ ಪ್ರಕಟವಾದ ಅಧ್ಯಯನವು, ಆಯ್ಕೆಯಾದವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ತೋರಿಸಿತು. ತರಬೇತುದಾರರು ದೊಡ್ಡ ಮೈಯನ್ನು ದೊಡ್ಡ ಪ್ರತಿಭೆಯೆಂದು ಭಾವಿಸಿದ್ದರು.

ಎರವಲು ಪಡೆದ ಮೇಲುಗೈ

ವಯಸ್ಸಿನಿಂದ ಬಂದ ಈ ಮೇಲುಗೈ ಉಳಿಯುವುದು ಎಲ್ಲಿಯವರೆಗೆ? ಉಳಿದವರ ಬೆಳವಣಿಗೆ ಪೂರ್ಣಗೊಳ್ಳುವವರೆಗೆ ಮಾತ್ರ. 18-19ರ ಹೊತ್ತಿಗೆ ಎಲ್ಲರ ಮೈ ಸಮಕ್ಕೆ ಬರುತ್ತದೆ. ಅಲ್ಲಿಯವರೆಗೆ ತೋಳ್ಬಲದಿಂದಲೇ ಗೆದ್ದವನು ಕೌಶಲವನ್ನು ಕಲಿತಿರುವುದಿಲ್ಲ. ಚಿಕ್ಕ ಮೈಯಿಂದ ಸೆಣಸಿದವನು ಅನಿವಾರ್ಯವಾಗಿ ಪಟ್ಟು, ಜಾಣ್ಮೆ, ತಾಳ್ಮೆಗಳನ್ನು ಕಲಿತಿರುತ್ತಾನೆ. ನಮ್ಮ ನಾಡಿನ ಹಿರಿಯ ಆಟಗಾರ ರಾಹುಲ್ ದ್ರಾವಿಡ್ ಅವರು 2015ರ ಡಿಸೆಂಬರಿನಲ್ಲಿ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ವಿಷಯವನ್ನೇ ಎತ್ತಿಕೊಂಡರು. ವಯಸ್ಸು ಮರೆಮಾಚಿದವನು ಗೆಲ್ಲುವುದು ಪ್ರತಿಭೆಯಿಂದಲ್ಲ, ಮೈಬಲದಿಂದ. ಅದರಿಂದ ಪ್ರಾಮಾಣಿಕನಾದ ಇನ್ನೊಬ್ಬ ಬಾಲಕನ ಸ್ಥಾನ ಹೋಗುತ್ತದೆ ಎಂಬುದು ಅವರ ಮಾತಿನ ತಿರುಳು. ಅಂದು ಅವರು ಕಿರಿಯರ ಭಾರತ ತಂಡದ ತರಬೇತುದಾರರಾಗಿದ್ದರು.

ಅಮೆರಿಕದಲ್ಲಿ 2001ರಲ್ಲಿ ನಡೆದ ಘಟನೆಯೂ ಪಾಠವಾಗಬಲ್ಲದು. ಬಾಲಕರ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ ಮಿಂಚಿದ ಡ್ಯಾನಿ ಅಲ್ಮಾಂಟೆಗೆ 12 ಅಲ್ಲ, 14 ವರ್ಷವೆಂದು ಆಮೇಲೆ ಬಯಲಾಯಿತು. ತಂಡದ ಗೆಲುವುಗಳನ್ನು ರದ್ದುಪಡಿಸಲಾಯಿತು. ಸುಳ್ಳು ದಾಖಲೆ ಹಿರಿಯರದು. ಜಗತ್ತಿನ ಮುಂದೆ ಹೆಸರು ಕೆಟ್ಟುದು ಬಾಲಕನದು.

ದೇಹಕ್ಕೂ ಮನಸ್ಸಿಗೂ ಪೆಟ್ಟು

ಬೆಳವಣಿಗೆ ಪಟ್ಟಿಯು ಸುತ್ತಲಿನ ಅಸ್ಥಿಬಂಧಗಳಿಗಿಂತ ದುರ್ಬಲ. ದೊಡ್ಡವರಿಗೆ ಉಳುಕಾಗುವಂತಹ ಪೆಟ್ಟು ಮಕ್ಕಳಲ್ಲಿ ಈ ಪಟ್ಟಿಯನ್ನೇ ಮುರಿಯಬಹುದು. ಸರಿಯಾದ ಚಿಕಿತ್ಸೆ ಸಿಗದಿದ್ದರೆ ಕೈಕಾಲು ಮೋಟಾಗಬಹುದು ಅಥವಾ ವಕ್ರವಾಗಬಹುದು. ಕುಸ್ತಿ, ಕಬಡ್ಡಿಗಳಲ್ಲಿ 16ರ ಹುಡುಗನನ್ನು 14ರವನೆಂದು ಇಳಿಸಿದಾಗ ಈ ಅಪಾಯಕ್ಕೆ ಗುರಿಯಾಗುವವನು ಎದುರಿನ ಮನೆಯ ಮಗು.

ಮನಸ್ಸಿನ ನೋವು ಕಣ್ಣಿಗೆ ಕಾಣದು. ಜೊತೆಗಾರರೆಲ್ಲ ಮುಂದಿನ ತರಗತಿಗೆ ಹೋದಾಗ ಕಾರಣವಿಲ್ಲದೆ ಹಿಂದುಳಿದ ಮಗುವನ್ನು ಊರು ನಪಾಸಾದವನೆಂದೇ ಕರೆಯುತ್ತದೆ. ದಾಖಲೆ ತಿದ್ದಿಸಿಕೊಂಡ ಮಗುವಾದರೋ ತನ್ನ ನಿಜವಾದ ವಯಸ್ಸನ್ನು ಜೀವಮಾನವಿಡೀ ಮುಚ್ಚಿಡಬೇಕು. ಗೆದ್ದಾಗಲೂ ಭಯ, ಸೋತಾಗಲೂ ಅವಮಾನ. ಸುಳ್ಳಿನಿಂದ ಗೆಲ್ಲಬಹುದೆಂಬ ಮೊದಲ ಪಾಠವನ್ನು ಅದು ಹೆತ್ತವರಿಂದಲೇ ಕಲಿಯುತ್ತದೆ.

ಪಾಲಕರು ಮಾಡಬಹುದಾದುದು

ಮೂರು ತಿಂಗಳಿಗೊಮ್ಮೆ ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ ದಿನಾಂಕ ಬರೆದಿಡಿರಿ. ಹರೆಯಕ್ಕೆ ಮುಂಚೆ ಮಗು ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ, ಹುಡುಗಿಗೆ 13 ಅಥವಾ ಹುಡುಗನಿಗೆ 14 ತುಂಬಿದರೂ ಹರೆಯದ ಯಾವ ಲಕ್ಷಣವೂ ಕಾಣದಿದ್ದರೆ, ಇಲ್ಲವೇ ಹುಡುಗಿಗೆ 8 ಮತ್ತು ಹುಡುಗನಿಗೆ 9 ತುಂಬುವ ಮುಂಚೆಯೇ ಅವು ಕಂಡರೆ ಮಕ್ಕಳ ವೈದ್ಯರಲ್ಲಿ ತೋರಿಸಬೇಕು. ಎಲುಬಿನ ಪರೀಕ್ಷೆ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳುವರು; ಬರಿಯ ಕುತೂಹಲಕ್ಕಾಗಿ ಅದನ್ನು ಮಾಡಿಸಬೇಕಾಗಿಲ್ಲ.

ಎತ್ತರ ಬೇಗಬೇಗನೆ ಏರುವ ತಿಂಗಳುಗಳಲ್ಲಿ ಮೊಣಕಾಲು, ಹಿಮ್ಮಡಿಗಳ ನೋವು ಸಾಮಾನ್ಯ. ಆಗ ಜಿಗಿತ ಮತ್ತು ಭಾರ ಎತ್ತುವ ಅಭ್ಯಾಸಗಳನ್ನು ತಗ್ಗಿಸಿ, ಮೈಯ ಹತೋಟಿ ಹಾಗೂ ಕೌಶಲಗಳಿಗೆ ಒತ್ತು ಕೊಡುವಂತೆ ತರಬೇತುದಾರರಲ್ಲಿ ಕೇಳಿಕೊಳ್ಳಬೇಕು. ವಾರಕ್ಕೆ ಒಂದು ದಿನವಾದರೂ ಪೂರ್ಣ ವಿಶ್ರಾಂತಿಯಿರಲಿ. ಹನ್ನೆರಡರವರೆಗೆ ಒಂದೇ ಆಟಕ್ಕೆ ಕಟ್ಟಿಹಾಕದೆ ಹಲವು ಆಟಗಳನ್ನು ಆಡಲು ಬಿಡಬೇಕು.

ಆಹಾರಕ್ಕಾಗಿ ಪೇಟೆಯ ಪುಡಿಗಳ ಮೊರೆ ಹೋಗಬೇಕಾಗಿಲ್ಲ. ಜೋಳದ ಅಥವಾ ಸಜ್ಜೆಯ ರೊಟ್ಟಿ, ಹೆಸರುಕಾಳು, ಮಡಕೆಕಾಳುಗಳ ಪಲ್ಯ, ಶೇಂಗಾ ಹಿಂಡಿ, ಹಾಲು, ಮೊಸರು, ಮೆಂತ್ಯ ಪಲ್ಯಗಳು ಬೆಳೆಯುವ ಮೈಗೆ ಒಳ್ಳೆಯ ಆಸರೆ. ಕಾಳಿನ ಪಲ್ಯಕ್ಕೆ ಇಂಡಿಯ ಲಿಂಬೆಯ ರಸವನ್ನು ಹಿಂಡಿಕೊಂಡರೆ ಅದರಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟದ ಜೊತೆಗೇ ಚಹಾ ಕುಡಿಯುವುದು ಇದಕ್ಕೆ ಅಡ್ಡಿ. ಎಂಟೊಂಬತ್ತು ಗಂಟೆಗಳ ನಿದ್ರೆಯನ್ನು ತಪ್ಪಿಸಬಾರದು.

ಶಿಕ್ಷಕರು ಮತ್ತು ತರಬೇತುದಾರರಲ್ಲಿಯೂ ಒಂದು ವಿನಂತಿ. ಆಯ್ಕೆಯ ದಿನ ಸಣ್ಣ ಮೈಯ ಮಗುವನ್ನು ಒಂದೇ ಪಂದ್ಯದಿಂದ ಅಳೆದು ಕೈಬಿಡಬೇಡಿ. ಇಂಗ್ಲೆಂಡಿನ ಫುಟ್‌ಬಾಲ್ ತರಬೇತಿ ಕೇಂದ್ರಗಳಲ್ಲಿ ಕೆಲವು ಪಂದ್ಯಗಳಿಗೆ ಮಕ್ಕಳನ್ನು ವಯಸ್ಸಿನ ಬದಲು ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಗುಂಪು ಮಾಡಿ ಆಡಿಸುವ ಪ್ರಯೋಗ ನಡೆದಿದೆ. ನಮ್ಮ ಶಾಲೆಗಳ ಅಭ್ಯಾಸದ ಪಂದ್ಯಗಳಲ್ಲಿಯೂ ಎತ್ತರ, ತೂಕ ನೋಡಿ ಜೋಡಿ ಮಾಡುವುದಕ್ಕೆ ಖರ್ಚೇನೂ ಇಲ್ಲ.

ತಡವಾಗಿ ಬೆಳೆಯುವ ಮಗುವಿಗೆ ಬೇಕಾದುದು ಕಾಲಾವಕಾಶ. ಆ ಅವಕಾಶವನ್ನು ತರಗತಿಯಿಂದಲೋ ದಾಖಲೆಯಿಂದಲೋ ಕದ್ದು ಕೊಡಲಾಗದು. ಹಿರಿಯರು ತಮ್ಮ ತಾಳ್ಮೆಯಿಂದಲೇ ಕೊಡಬೇಕು.