ಅಂಗಡಿಯಿಂದ ಮಾಯವಾಗಿದ್ದ ‘ಡಕ್‌ಟೇಲ್ಸ್’ ಗೇಮ್

1990ರ ದಶಕದಲ್ಲಿ ದೂರದರ್ಶನದಲ್ಲಿ ಬರ್ತಿದ್ದ ‘ಡಕ್‌ಟೇಲ್ಸ್’ ಕಾರ್ಟೂನ್ ಬಗ್ಗೆ ಮನೇಲಿ ದೊಡ್ಡವರನ್ನ ಕೇಳಿ ನೋಡಿ. ಜಪಾನಿನ ಕ್ಯಾಪ್ಕಾಮ್ ಕಂಪನಿ 1989ರಲ್ಲೇ ಅದರ ಮೇಲೆ ನಿಂಟೆಂಡೊ ಗೇಮ್ ಮಾಡಿತ್ತು. ಅಂಕಲ್ ಸ್ಕ್ರೂಜ್ ಕೋಲಿನ ಮೇಲೆ ಪುಟಿಯುತ್ತಾ ಅಮೆಜಾನ್, ಹಿಮಾಲಯ, ಚಂದ್ರನ ಮೇಲೂ ನಿಧಿ ಹುಡುಕ್ತಾನೆ.

2013ರಲ್ಲಿ ಇದೇ ಗೇಮ್ ಹೊಸ ರೂಪದಲ್ಲಿ ಬಂತು. 2019ರ ಆಗಸ್ಟ್‌ನಲ್ಲಿ ಆನ್‌ಲೈನ್ ಅಂಗಡಿಗಳಿಂದ ಮಾಯ! 2020ರಲ್ಲಿ ಮತ್ತೆ ಮಾರಾಟಕ್ಕೆ ಬಂತು.

ಟಿವಿ ಶೋ ಗೇಮ್‌ಗಳ ಕಥೆಯೇ ಹೀಗೆ. ಗೇಮ್ ಮಾಡೋ ಕಂಪನಿ ಒಂದು, ಪಾತ್ರಗಳ ಹಕ್ಕು ಇನ್ನೊಬ್ಬರದು, ಇಲ್ಲಿ ಡಿಸ್ನಿಯದು. ಒಪ್ಪಂದ ಮುಗಿದರೆ ಮಾರಾಟವೂ ನಿಲ್ಲಬಹುದು. ಕೈಯಲ್ಲಿರೋ ಹಳೆ ಕ್ಯಾಸೆಟ್‌ಗೆ ಆ ಚಿಂತೆ ಇಲ್ಲ. ಅಟ್ಟದಲ್ಲಿ ಸಿಕ್ಕರೆ ಗುಜರಿಗೆ ಹಾಕಬೇಡಿ.