ಪುಟ್ಟ ಕಣ, ದೊಡ್ಡ ಪರೀಕ್ಷೆ

ಬಿತ್ತನೆಗೆ ಮುನ್ನ ಅನುಭವಿಯಾದ ರೈತನು ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ನೋಡುತ್ತಾನೆ. ನೂರು ಕಾಳುಗಳಲ್ಲಿ ಎಷ್ಟು ಮೊಳೆತವೆಂದು ಎಣಿಸಿದ ಬಳಿಕವೇ ಹೊಲಕ್ಕೆ ಕೂರಿಗೆ ಇಳಿಯುತ್ತದೆ. ಇಡೀ ಹೊಲವನ್ನು ಪಣಕ್ಕೊಡ್ಡದೆ ಅಂಗೈಯಗಲದ ಬಟ್ಟೆಯಲ್ಲಿಯೇ ಬೆಳೆಯ ಭವಿಷ್ಯವನ್ನು ಅರಿಯುವ ಈ ಜಾಣ್ಮೆ ಬಹು ಹಳೆಯದು. ವಿಮಾನವನ್ನು ನಿರ್ಮಿಸುವವರೂ ಮಾಡುವುದು ಇದನ್ನೇ. ಬೆಂಗಳೂರಿನ ಯಶವಂತಪುರ, ಮಲ್ಲೇಶ್ವರಗಳ ನಡುವೆ ಮರಗಳ ಮರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗವು 1942ರಲ್ಲಿ ಆರಂಭವಾಯಿತು. ಅಲ್ಲಿನ ಗಾಳಿಸುರಂಗದಲ್ಲಿ ವಿಮಾನದ ಚಿಕ್ಕ ಮಾದರಿಯನ್ನು ನಿಲ್ಲಿಸಿ, ಅದರ ಮೇಲೆ ರಭಸವಾಗಿ ಗಾಳಿ ಹಾಯಿಸಿ, ರೆಕ್ಕೆಗಳ ಮೇಲೆ ಬೀಳುವ ಬಲವನ್ನು ಅಳೆಯುತ್ತಾರೆ. ಮಾದರಿ ಮುರಿದರೆ ಇನ್ನೊಂದನ್ನು ಮಾಡಬಹುದು. ಆಗಸದಲ್ಲಿ ವಿಮಾನವೇ ಮುರಿದರೆ ಗತಿಯೇನು?

ನೆಲದ ಮೇಲೆ ಓಡುವ ಯಂತ್ರಗಳಿಗೂ ಈಗ ಇದೇ ಪ್ರಶ್ನೆ ಬಂದಿದೆ. ಚಾಲಕನಿಲ್ಲದ ಕಾರಿಗೆ ಕ್ಯಾಮೆರಾ, ರಾಡಾರ್‌ಗಳೇ ಕಣ್ಣು, ಕಂಪ್ಯೂಟರೇ ಮಿದುಳು. 2018ರ ಮಾರ್ಚ್ ತಿಂಗಳ ಒಂದು ರಾತ್ರಿ, ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ ಪರೀಕ್ಷಾರ್ಥವಾಗಿ ಸಂಚರಿಸುತ್ತಿದ್ದ ಇಂತಹ ಕಾರೊಂದು, ಬೈಸಿಕಲ್ಲನ್ನು ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬಳಿಗೆ ಡಿಕ್ಕಿ ಹೊಡೆಯಿತು. ಆಕೆ ಅಸುನೀಗಿದಳು. ಯಂತ್ರವು ಆಕೆಯನ್ನು ಕಾಣಲಿಲ್ಲವೆಂದಲ್ಲ. ಡಿಕ್ಕಿಗೆ ಐದೂವರೆ ಸೆಕೆಂಡಿಗೂ ಮುಂಚೆಯೇ ಕಂಡಿತ್ತು. ಆದರೆ ತಾನು ಕಂಡದ್ದು ವಾಹನವೋ, ಬೈಸಿಕಲ್ಲೋ, ಮತ್ತಾವುದೋ ವಸ್ತುವೋ ಎಂದು ಅದು ಮತ್ತೆ ಮತ್ತೆ ಅಭಿಪ್ರಾಯ ಬದಲಿಸುತ್ತಲೇ ಹೋಯಿತು. ದಾಟಲು ಗುರುತು ಮಾಡಿದ ಸ್ಥಳವನ್ನು ಬಿಟ್ಟು ಬೇರೆಡೆ ಜನರು ರಸ್ತೆ ದಾಟಿಯಾರೆಂಬ ಕಲ್ಪನೆಯೇ ಅದಕ್ಕೆ ಇರಲಿಲ್ಲವೆಂದು ಅನಂತರದ ತನಿಖೆಯಿಂದ ತಿಳಿದುಬಂದಿತು. ಇಂತಹ ಯಂತ್ರವನ್ನು ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ, ಬಸ್ಸಿಗಾಗಿ ಓಡುವ ಜನರ ನಡುವೆ ಬಿಟ್ಟರೆ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ.

ಆದುದರಿಂದಲೇ ವಿಜ್ಞಾನಿಗಳು ಪುಟ್ಟ ಪಟ್ಟಣಗಳನ್ನು ಕಟ್ಟಿಕೊಳ್ಳುತ್ತಾರೆ. ಕೋಣೆಯ ನೆಲದ ಮೇಲೆ ರಸ್ತೆ, ತಿರುವು, ಸಂಕೇತದೀಪಗಳನ್ನು ರಚಿಸಿ, ಗೇಣುದ್ದದ ಕಾರುಗಳನ್ನು ಓಡಿಸುತ್ತಾರೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 2016ರಲ್ಲಿ ಆರಂಭವಾದ ‘ಡಕ್ಕಿಟೌನ್’ ಎಂಬ ಪಟ್ಟಣದ ಪ್ರಜೆಗಳೆಲ್ಲರೂ ರಬ್ಬರಿನ ಬಾತುಕೋಳಿಗಳು! ನಗೆ ಬರಿಸುವ ಸಂಗತಿಯಾದರೂ ಇದರ ಹಿಂದೆ ಗಂಭೀರವಾದ ಉದ್ದೇಶವಿದೆ. ಅಡ್ಡ ಬಂದ ಬಾತುಕೋಳಿಗೆ ಕಾರು ನೂರು ಸಲ ತಾಗಿದರೂ ಯಾವ ಮನೆಯಲ್ಲಿಯೂ ದೀಪ ಆರುವುದಿಲ್ಲ.

ಒಂದೇ ಯಂತ್ರದ ಮಾತು ಹೀಗಾದರೆ, ಯಂತ್ರಗಳ ಹಿಂಡಿನ ಮಾತು ಇನ್ನೂ ಸ್ವಾರಸ್ಯಕರವಾದುದು. ಇರುವೆಗಳಿಗೆ ಅಪ್ಪಣೆ ಕೊಡುವ ಸೇನಾಪತಿಯಿಲ್ಲ. ಆದರೂ ಅವುಗಳ ಸಾಲು ಕೆಡುವುದಿಲ್ಲ. ಯಂತ್ರಗಳಿಗೂ ಇಂತಹ ನಡೆಯನ್ನು ಕಲಿಸಬಹುದೇ? ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೃಷ್ಣಾನಂದ್ ಮತ್ತು ಪ್ರಾಧ್ಯಾಪಕ ದೇಬಶೀಶ್ ಘೋಷ್ ಅವರು 2005ರಲ್ಲಿ ಪ್ರಕಟಿಸಿದ ವಿಧಾನವೊಂದು ಇದಕ್ಕೆ ಉತ್ತರ ನೀಡುತ್ತದೆ. ಅದಕ್ಕೆ ಸ್ಫೂರ್ತಿ, ಮಳೆಗಾಲದ ಇರುಳಿನಲ್ಲಿ ಹೊಳೆಯುವ ಮಿಣುಕುಹುಳು.

ಒಂದು ಕಾರ್ಖಾನೆಯಲ್ಲಿ ಮೂರು ಕಡೆ ವಿಷಾನಿಲ ಸೋರುತ್ತಿದೆಯೆಂದು ಭಾವಿಸೋಣ. ಸೋರಿಕೆ ಎಲ್ಲಿ ಹೆಚ್ಚೋ ಅಲ್ಲಿಗೇ ಎಲ್ಲ ಯಂತ್ರಗಳೂ ನುಗ್ಗಿದರೆ ಉಳಿದೆರಡು ಪತ್ತೆಯಾಗದೆ ಉಳಿಯುತ್ತವೆ. ಇಲ್ಲಿ ಹಾಗಾಗದು. ಪ್ರತಿಯೊಂದು ಯಂತ್ರವೂ ತಾನು ನಿಂತಲ್ಲಿ ಅನಿಲವೆಷ್ಟಿದೆಯೆಂದು ಅಳೆದು, ಅದಕ್ಕೆ ತಕ್ಕಷ್ಟು ಬೆಳಗುತ್ತದೆ. ಬಳಿಕ ಹತ್ತಿರದಲ್ಲಿರುವ, ತನಗಿಂತ ಹೆಚ್ಚು ಬೆಳಗುವ ನೆರೆಯವರಲ್ಲಿ ಒಂದನ್ನು ಆರಿಸಿಕೊಂಡು ಅದರೆಡೆಗೆ ಒಂದು ಹೆಜ್ಜೆ ಸರಿಯುತ್ತದೆ. ನೆರೆಯವರು ತೀರ ಕಡಮೆಯಾದರೆ ಅದು ತನ್ನ ನೋಟದ ಎಲ್ಲೆಯನ್ನು ಹಿಗ್ಗಿಸಿಕೊಳ್ಳುತ್ತದೆ, ಹೆಚ್ಚಾದರೆ ಕುಗ್ಗಿಸಿಕೊಳ್ಳುತ್ತದೆ. ದೂರದಲ್ಲಿ ಎಷ್ಟೇ ಪ್ರಖರವಾದ ಬೆಳಕಿದ್ದರೂ ಆಗ ಅದು ಲೆಕ್ಕಕ್ಕೆ ಬಾರದು. ಹೀಗೆ ಹಿಂಡು ತಾನಾಗಿಯೇ ಗುಂಪುಗಳಾಗಿ ಒಡೆದು, ಒಂದೊಂದು ಗುಂಪು ಒಂದೊಂದು ಸೋರಿಕೆಯ ಬಳಿ ನೆರೆಯುತ್ತದೆ.

ಕಂಪ್ಯೂಟರಿನ ತೆರೆಯ ಮೇಲೆ ಇದು ಸೊಗಸಾಗಿ ನಡೆಯಿತು. ಆದರೆ ತೆರೆಯ ಮೇಲಿನ ಹುಳು ಕೇವಲ ಒಂದು ಚುಕ್ಕೆ. ಎರಡು ಚುಕ್ಕೆಗಳು ಒಂದರೊಳಗೊಂದು ಹಾದುಹೋಗಬಹುದು. ಚುಕ್ಕೆಯ ಚಕ್ರ ಜಾರದು. ನಿಜವಾದ ಯಂತ್ರಕ್ಕೆ ಮೈಯಿದೆ. ಮುಂದೆ ನಿಂತದ್ದು ಹಿಂದಿನದನ್ನು ಮರೆಮಾಡುತ್ತದೆ. ಆದುದರಿಂದ ‘ಮಿಣುಕುಹುಳು’ ಎಂದೇ ಹೆಸರಿಟ್ಟು, ಚಕ್ರಗಳ ಮೇಲೆ ಓಡುವ ನಾಲ್ಕು ಪುಟ್ಟ ಯಂತ್ರಗಳನ್ನು ರಚಿಸಲಾಯಿತು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳೇ ಅವುಗಳ ಬೆಳಕು. ಧ್ವನಿಯು ಎಲ್ಲಿಂದ ಬರುತ್ತಿದೆಯೆಂದು ಕಂಡುಹಿಡಿಯುವ ಪ್ರಯೋಗಗಳಲ್ಲಿ ಅವುಗಳನ್ನು ತೊಡಗಿಸಲಾಯಿತು. ಸಂಖ್ಯೆ ನಾಲ್ಕೇ ಆದರೂ, ಒಂದಕ್ಕೊಂದು ಢಿಕ್ಕಿಯಾಗದಂತೆ ಸರಿಯುವ ಪಾಠವನ್ನು ಚುಕ್ಕೆಗಳಿಂದ ಕಲಿಯಲಾಗದು.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಮೂಲದ ರಾಧಿಕಾ ನಾಗಪಾಲ್ ಮತ್ತು ಅವರ ಸಂಗಡಿಗರು 2014ರಲ್ಲಿ 1,024 ಯಂತ್ರಗಳ ಹಿಂಡನ್ನೇ ಮೇಜಿನ ಮೇಲೆ ನಡೆಸಿದರು. ಒಂದೊಂದರ ಅಗಲ ಕೇವಲ 33 ಮಿಲಿಮೀಟರ್. ಅವು ನಕ್ಷತ್ರದ ಆಕಾರದಲ್ಲಿ ನಿಲ್ಲಲು ಸುಮಾರು 12 ಗಂಟೆ ಹಿಡಿಯಿತು. ನಡುವೆ ಕೆಲವು ಕೆಟ್ಟು ನಿಂತವು, ಕೆಲವೆಡೆ ದಟ್ಟಣೆಯುಂಟಾಯಿತು. ಸಾವಿರ ಯಂತ್ರಗಳಲ್ಲಿ ಒಂದಿಷ್ಟು ಕೆಡುವುದು ಸಹಜವೆಂಬುದೂ ಅಲ್ಲಿ ಕಲಿಯಬೇಕಾಗಿದ್ದ ಪಾಠವೇ.

ಚಿಕ್ಕದರಿಂದ ಎಲ್ಲವೂ ತಿಳಿಯುವುದೆಂದು ಭ್ರಮಿಸಬಾರದು. ಕಾರಿನ ಉದ್ದ, ಅಗಲ, ಎತ್ತರಗಳನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ಅದರ ತೂಕ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಗೇಣುದ್ದದ ಕಾರು ಥಟ್ಟನೆ ನಿಂತೀತು. ಟನ್ನುಗಟ್ಟಲೆ ತೂಕದ ಕಾರು, ಮಳೆಯಲ್ಲಿ ನೆನೆದ ಬಳ್ಳಾರಿ ರಸ್ತೆಯ ಮೇಲೆ ಹಾಗೆ ನಿಲ್ಲಲಾರದು. ಕೋಣೆಯಲ್ಲಿ ಧೂಳಿಲ್ಲ, ಕಣ್ಣು ಕೋರೈಸುವ ಸಂಜೆಬಿಸಿಲಿಲ್ಲ, ಎದುರಿನಿಂದ ಅಡ್ಡಾದಿಡ್ಡಿಯಾಗಿ ಬರುವ ಆಟೋರಿಕ್ಷಾ ಇಲ್ಲ. ಆದುದರಿಂದ ಮೇಜಿನ ಮೇಲೆ ಗೆದ್ದ ಯಂತ್ರವು ಬೇಲಿ ಹಾಕಿದ ಮೈದಾನದಲ್ಲಿ, ನಿಜವಾದ ತೂಕದೊಡನೆ ಮತ್ತೊಮ್ಮೆ ಮೊದಲಿನಿಂದ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಅಲ್ಲಿ ಅದರ ದಾರಿಗೆ ಅಡ್ಡವಾಗಿ, ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುವ ಆಳೆತ್ತರದ ಗೊಂಬೆಯೊಂದನ್ನು ಎಳೆಯಬಹುದು, ಗುರುತು ಮಾಡಿದ ಪಟ್ಟೆಯ ಮೇಲಲ್ಲ, ಅದಕ್ಕೆ ದೂರದಲ್ಲಿ, ಕತ್ತಲಿನಲ್ಲಿ.