ನಾಯಿ ಎದ್ದು ಓಡಾಡಿದರೂ ಮಾತ್ರೆ ನಿಲ್ಲಿಸಬೇಡಿ

ಉಣುಗು ಅಂದ್ರೆ ನಮ್ಮ ಸೊರಬ ತಾಲ್ಲೂಕಿನವರಿಗೆ ಪರಿಚಯ ಮಾಡಿಕೊಡಬೇಕಿಲ್ಲ. 1957ರಲ್ಲಿ ಮಂಗನಕಾಯಿಲೆ ಮೊದಲು ಗುರುತಾದದ್ದು ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ನಾವು ಎಷ್ಟೋ ಜಾಗ್ರತೆ ಮಾಡ್ತೀವಿ. ಆದರೆ ಜಗಲಿಯಲ್ಲಿ ಮಲಗುವ ನಾಯಿಯ ಕಿವಿಯೊಳಗಿನ ಉಣುಗನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಅದು ಬೇರೆ ಜಾತಿಯದು, ಕಂದು ಬಣ್ಣದ್ದು. ಅದರಿಂದ ನಾಯಿಗೆ ಬರುವ ಜ್ವರಕ್ಕೆ ಡಾಕ್ಟರು ಎರ್ಲಿಕಿಯೋಸಿಸ್ ಅಂತಾರೆ. ನಾವು ಉಣುಗು ಜ್ವರ ಅನ್ನೋಣ.

ಜಡೆಯ ನಮ್ಮ ಮನೆಯ ಕರಿಯನಿಗೆ ಹೋದ ವರ್ಷ ಇದೇ ಬಂದಿತ್ತು. ಅನ್ನ ಮುಟ್ಟಲಿಲ್ಲ, ಮೈ ಕೆಂಡದಂತೆ ಸುಡುತ್ತಿತ್ತು, ವಸಡು ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿತ್ತು. ಡಾಕ್ಟರು ಬರೆದುಕೊಟ್ಟದ್ದು ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನಕ್ಕೆ.

‘ಮೂರನೇ ದಿನ ಅದು ಬಾಲ ಅಲ್ಲಾಡಿಸುತ್ತೆ ನೋಡಿ. ನನಗೆ ಭಯ ಆ ದಿನದ್ದೇ’ ಅಂದರು.

ಅವರು ಹೇಳಿದಂತೆಯೇ ಆಯ್ತು. ಮೂರನೇ ದಿನ ಕರಿಯ ಎದ್ದು ಕೋಳಿ ಅಟ್ಟತೊಡಗಿದ. ಪಕ್ಕದ ಮನೆ ಅಕ್ಕ ಬೇಲಿಯಾಚೆಯಿಂದಲೇ, ‘ಓಡಾಡ್ತಾ ಇದೆಯಲ್ಲೇ ತಂಗಿ, ಇನ್ನೂ ಯಾಕೆ ಮಾತ್ರೆ? ಸುಮ್ನೆ ಉಷ್ಣ ಆಗುತ್ತೆ’ ಅಂದರು. ಅವರು ಹೇಳಿದ್ದು ಪ್ರೀತಿಯಿಂದಲೇ. ಆದರೆ ಈ ರೋಗದ ಮೋಸ ಇರೋದೇ ಇಲ್ಲಿ. ಮಾತ್ರೆ ಶುರುವಾದ ಒಂದೆರಡು ದಿನಕ್ಕೇ ಜ್ವರ ಇಳಿಯಬಹುದು, ರೋಗಾಣು ಮಾತ್ರ ಮೈಯೊಳಗೆ ಉಳಿದಿರುತ್ತೆ. ಹೊರಗೆ ನಾಯಿ ಚೆನ್ನಾಗಿಯೇ ಕಾಣುತ್ತೆ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದೇ ರೋಗ ಮೂಳೆಯೊಳಗಿನ ಮಜ್ಜೆಗೆ ಪೆಟ್ಟು ಕೊಟ್ಟರೆ ಹೊಸ ರಕ್ತ ತಯಾರಾಗುವುದೇ ಕಡಿಮೆಯಾಗುತ್ತೆ. ಆ ಹಂತಕ್ಕೆ ಹೋದ ನಾಯಿಯನ್ನು ಉಳಿಸಿಕೊಳ್ಳೋದು ಬಹಳ ಕಷ್ಟ.

ಅದಕ್ಕೇ ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕುತ್ತಾ ಬಂದೆ. ಮನೆಯಲ್ಲಿ ಮೂವರಿದ್ದರೆ ‘ನೀನು ಕೊಟ್ಟೆ ಅಂದ್ಕೊಂಡೆ’ ಅನ್ನೋ ಮಾತು ಬಂದೇ ಬರುತ್ತೆ. ಗೀಟು ಇದ್ದರೆ ಮಾತ್ರೆ ತಪ್ಪೋದೂ ಇಲ್ಲ, ಎರಡು ಸಲ ಹೋಗೋದೂ ಇಲ್ಲ.

ಡಾಕ್ಟರು ಹೇಳಿದ್ದರಲ್ಲಿ ಎಲ್ಲರಿಗೂ ಉಪಯೋಗ ಆಗುವ ಕೆಲವು ಮಾತು ಇಲ್ಲಿವೆ.

ತೂಕ: ಮಾತ್ರೆ ಎಷ್ಟು ಅನ್ನೋದು ನಾಯಿಯ ತೂಕದ ಮೇಲೆ. ಅಂದಾಜು ಹೇಳಬೇಡಿ. ಅಡಿಕೆ ತೂಗುವ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. 20 ಕೆ.ಜಿ. ನಾಯಿಯ ಲೆಕ್ಕ 9 ಕೆ.ಜಿ. ನಾಯಿಗೆ ಆಗೋದಿಲ್ಲ.

ಹಾಲು, ಮೊಸರು: ನಮ್ಮಲ್ಲಿ ಮಾತ್ರೆ ಅಂದ್ರೆ ಮೊಸರನ್ನಕ್ಕೆ ಹಾಕೋದೇ ರೂಢಿ. ಡಾಕ್ಸಿಸೈಕ್ಲಿನ್‌ಗೆ ಅದು ಬೇಡ. ಹಾಲಿನ ಕ್ಯಾಲ್ಸಿಯಂ ಜತೆ ಸೇರಿದರೆ ಔಷಧ ಮೈಗೆ ಹತ್ತೋದು ಕಡಿಮೆ. ಕರಿಯನಿಗೆ ಅಕ್ಕಿರೊಟ್ಟಿಯ ಚೂರಿನಲ್ಲಿ ಸುತ್ತಿ ಕೊಡುತ್ತಿದ್ದೆ.

ನೀರು: ಈ ಮಾತ್ರೆ ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣಾಗುತ್ತೆ. ಬರೀ ಮಾತ್ರೆಯನ್ನು ಗಂಟಲಿಗೆ ತುರುಕಬೇಡಿ. ಊಟದ ಜತೆ ಕೊಟ್ಟು, ಮೇಲೆ ನೀರು ಕುಡಿಸಿ.

ಮರೆತರೆ: ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಸೇರಿಸಿ ಕೊಡಬೇಡಿ. ವಾಂತಿ ಮಾಡಿಕೊಂಡರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಮನೆಯ ಮಾತ್ರೆ: ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ನಾಯಿಗೆ ಅವು ವಿಷವಾಗಬಹುದು. ದನದ ಉಣುಗಿಗೆ ತಂದ ಔಷಧವನ್ನೂ ಕೇಳದೆ ನಾಯಿ ಮೈಗೆ ಹಚ್ಚಬೇಡಿ.

ಇನ್ನೊಂದು ವಿಷಯ. ಮಾತ್ರೆ ಮುಗಿಸಿದರೂ ಉಣುಗು ಹಾಗೇ ಇದ್ದರೆ ಜ್ವರ ಮತ್ತೆ ಬರಬಹುದು. ನಾಯಿ ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತೆ. ನಾವು ಜಗಲಿಯ ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಕರಿಯನ ಗೋಣಿಚೀಲ ಬದಲಾಯಿಸಿದೆವು.

28ನೇ ಗೀಟು ಬಿದ್ದ ಮೇಲೆ ಮತ್ತೊಮ್ಮೆ ರಕ್ತ ಪರೀಕ್ಷೆ ಮಾಡಿಸಿದೆವು. ಪ್ಲೇಟ್‌ಲೆಟ್ ಸರಿಯಾಗಿತ್ತು. ‘ಈಗ ನಿಲ್ಲಿಸಿ’ ಎಂದು ಡಾಕ್ಟರೇ ಹೇಳಿದರು. ಆ ಮಾತು ಅವರ ಬಾಯಿಂದಲೇ ಬರಬೇಕು, ನಾಯಿಯ ಬಾಲ ನೋಡಿ ನಾವು ತೀರ್ಮಾನಿಸುವುದಲ್ಲ.

ಅಂದಹಾಗೆ, ನಿಮ್ಮ ಮನೆ ನಾಯಿ ಯಾವುದರಲ್ಲಿ ಸುತ್ತಿ ಕೊಟ್ಟರೆ ಮಾತ್ರೆ ನುಂಗುತ್ತೆ? ಬರೆದು ತಿಳಿಸಿ. ರೊಟ್ಟಿ ಬಿಚ್ಚಿ ಮಾತ್ರೆ ಮಾತ್ರ ಉಗುಳುವ ಜಾಣರು ಎಲ್ಲರ ಮನೆಯಲ್ಲೂ ಇರ್ತಾರೆ!